ಒಂಟೆಗೂ ನಮಗೂ ಒಂದೇ ಬಾಗಿಲು

ಎರಡು ಪರೀಕ್ಷಾನಳಿಕೆ ತೆಗೆದುಕೊಳ್ಳಿ. ಒಂದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ನೀರು, ಇನ್ನೊಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಎರಡೆರಡು ಹನಿ ರಕ್ತ ಬಿಟ್ಟು ಮೆಲ್ಲಗೆ ಅಲುಗಿಸಿ, ಹಿಂದುಗಡೆ ದಿನಪತ್ರಿಕೆ ಹಿಡಿಯಿರಿ. ಉಪ್ಪುನೀರಿನ ನಳಿಕೆ ಕೆಂಪಗೆ ಮಬ್ಬಾಗಿಯೇ ಇರುತ್ತದೆ. ಅದರಾಚೆಯ ಅಕ್ಷರ ಕಾಣುವುದಿಲ್ಲ. ಇನ್ನೊಂದು ನೋಡನೋಡುತ್ತಲೇ ತಿಳಿಯಾಗುತ್ತದೆ. ಬಣ್ಣ ಅದೇ ಕೆಂಪು, ಆದರೆ ಹಿಂದಿನ ಸುದ್ದಿಯನ್ನು ಸಲೀಸಾಗಿ ಓದಬಹುದು. ನೀರು ನುಗ್ಗಿ, ಕೆಂಪು ರಕ್ತಕಣಗಳೆಲ್ಲ ಉಬ್ಬಿ ಒಡೆದು, ಒಳಗಿದ್ದ ಹಿಮೋಗ್ಲೋಬಿನ್ ಹೊರಗೆ ಹರಡಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬರೀ ನೀರಿನ ಬದಲು 0.9 ಶೇಕಡಾ ಸಲೈನ್ ಏರಿಸುವುದು ಇದೇ ಕಾರಣಕ್ಕೆ.

ಕೆಂಪುಕಣ ನೀರಿನಲ್ಲಿ ಉಬ್ಬುತ್ತದೆ, ಗಟ್ಟಿ ಉಪ್ಪುನೀರಿನಲ್ಲಿ ಸುಕ್ಕುಗಟ್ಟುತ್ತದೆ ಎಂಬುದನ್ನು ಲಂಡನ್ನಿನ ವಿಲಿಯಂ ಹ್ಯೂಸನ್ 1773ರಷ್ಟು ಹಿಂದೆಯೇ ಬರೆದಿಟ್ಟಿದ್ದ. ಗೊತ್ತಿರದೇ ಇದ್ದದ್ದು ವೇಗದ ಲೆಕ್ಕ. ಕಣದ ಪೊರೆ ಎಂದರೆ ಎರಡು ಪದರದ ಕೊಬ್ಬು. ಕೊಬ್ಬಿನ ಮೂಲಕ ನೀರು ದಾಟುವುದು ನಿಧಾನ. ಆದರೆ 1957ರಲ್ಲಿ ಹಾರ್ವರ್ಡ್‌ನ ಆರ್ಥರ್ ಸಾಲೊಮನ್ ಮತ್ತು ಸಂಗಡಿಗರು ವಿಕಿರಣಶೀಲ ನೀರು ಬಳಸಿ ಅಳೆದಾಗ, ಮನುಷ್ಯನ ಕೆಂಪುಕಣದೊಳಗಿನ ಅರ್ಧ ನೀರು ಸುಮಾರು 4 ಮಿಲಿಸೆಕೆಂಡಿನಲ್ಲಿ ಹೊರಗಿನ ನೀರಿನೊಂದಿಗೆ ಅದಲುಬದಲಾಗುತ್ತಿತ್ತು. ಪೊರೆಯಲ್ಲಿ ಎಲ್ಲೋ ರಂಧ್ರಗಳಿರಬೇಕು ಎಂದರು. 1970ರಲ್ಲಿ ರಾಬರ್ಟ್ ಮೇಸಿ ಮತ್ತು ಫಾರ್ಮರ್ ಇನ್ನೊಂದು ಸುಳಿವು ಕೊಟ್ಟರು: ಪಾದರಸದ ಸಂಯುಕ್ತ ಹಾಕಿದರೆ ನೀರಿನ ಓಟ ಕುಸಿಯುತ್ತದೆ. ಪಾದರಸ ಅಂಟಿಕೊಳ್ಳುವುದು ಪ್ರೋಟೀನಿನ ಗಂಧಕಕ್ಕೆ. ಅಂದಮೇಲೆ ರಂಧ್ರ ಇರುವುದು ಯಾವುದೋ ಪ್ರೋಟೀನಿನಲ್ಲಿ.

ಆ ಪ್ರೋಟೀನನ್ನು ಹಿಡಿಯಲು ರೊಮೇನಿಯಾದ ಕ್ಲೂಜ್-ನಪೋಕಾದಲ್ಲಿ ಗೆಯೋರ್ಗೆ ಬೆಂಗಾ ಅವರ ತಂಡ ವಿಕಿರಣಶೀಲ ಪಾದರಸವನ್ನೇ ಗುರುತಾಗಿ ಬಳಸಿತು. ಅದು ಪೊರೆಯ ಯಾವ ಪ್ರೋಟೀನುಗಳಿಗೆ ಅಂಟುತ್ತದೆ ಎಂಬುದನ್ನು 1986ರಲ್ಲಿ ಪ್ರಕಟಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ಆಗ್ರೆ ಹುಡುಕುತ್ತಿದ್ದದ್ದು ಬೇರೆಯೇ. ಆರ್‌ಎಚ್ ರಕ್ತಗುಂಪಿನ ಪ್ರೋಟೀನು ಬೇರ್ಪಡಿಸುವಾಗ 28 ಕಿಲೋಡಾಲ್ಟನ್ ತೂಕದ ಅನಾಮಿಕನೊಂದು ಮತ್ತೆ ಮತ್ತೆ ಜೊತೆಯಲ್ಲಿ ಬರುತ್ತಿತ್ತು. ಇದು ನೀರಿನ ದಾರಿಯಾಗಿರಬಹುದೇ ನೋಡಿ ಎಂದು ಸಲಹೆ ಕೊಟ್ಟವರು ರಕ್ತತಜ್ಞ ಜಾನ್ ಪಾರ್ಕರ್. 1992ರಲ್ಲಿ ಆಗ್ರೆ ತಂಡ ಆಫ್ರಿಕದ ಜೆನೊಪಸ್ ಕಪ್ಪೆಯ ಮೊಟ್ಟೆಗಳಿಗೆ ಆ ಪ್ರೋಟೀನು ತಯಾರಿಸುವ ಆರ್‌ಎನ್‌ಎ ಚುಚ್ಚಿತು. ಕಪ್ಪೆ ಮೊಟ್ಟೆ ಕೊಳದ ನೀರಿನಲ್ಲಿ ಆರಾಮಾಗಿ ಇರುವಂಥದ್ದು. ಚುಚ್ಚಿಸಿಕೊಂಡವು ಮಾತ್ರ ತೆಳು ದ್ರಾವಣಕ್ಕೆ ಬಿದ್ದು ಕೆಲವೇ ನಿಮಿಷದಲ್ಲಿ ಉಬ್ಬಿ ಸಿಡಿದವು. ಪ್ರೋಟೀನಿಗೆ ಆಕ್ವಾಪೊರಿನ್ ಎಂಬ ಹೆಸರು ಬಂತು, 2003ರಲ್ಲಿ ಆಗ್ರೆಗೆ ರಸಾಯನಶಾಸ್ತ್ರದ ನೊಬೆಲ್ ಪಾಲು ಸಿಕ್ಕಿತು. ಬೆಂಗಾಗೆ ಸಿಗಲಿಲ್ಲ, ಆ ಅಸಮಾಧಾನ ಇನ್ನೂ ಪೂರ್ತಿ ಆರಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಬೆಂಗಾ ಆಮೇಲೂ ಬಿಡದೆ ಮಾಡಿದ ಕೆಲಸ. ಸಿಡ್ನಿಯ ಫಿಲಿಪ್ ಕುಚೆಲ್ ಜೊತೆ ಸೇರಿ, ಸುಮಾರು ಎರಡು ದಶಕ, ಮೂವತ್ತಕ್ಕೂ ಹೆಚ್ಚು ಜಾತಿಯ ಪ್ರಾಣಿಗಳ ರಕ್ತ ತಂದು ಕಣದ ಪೊರೆಯಲ್ಲಿ ನೀರಿನ ಓಡಾಟ ಅಳೆದರು. ವಿಧಾನ ಜಾಣತನದ್ದು. ರಕ್ತಕಣಗಳಿರುವ ದ್ರಾವಣಕ್ಕೆ ಮ್ಯಾಂಗನೀಸ್ ಬೆರೆಸುತ್ತಾರೆ. ಅದು ಕಣದೊಳಗೆ ಹೋಗುವುದಿಲ್ಲ. ನೀರಿನ ಕಾಂತೀಯ ಸಂಕೇತ ಅಳೆಯುವ ಎನ್‌ಎಂಆರ್ ಯಂತ್ರದಲ್ಲಿಟ್ಟಾಗ ಮ್ಯಾಂಗನೀಸಿನ ಪಕ್ಕದಲ್ಲಿರುವ ನೀರಿನ ಸಂಕೇತ ಬಹುಬೇಗ ಆರಿಹೋಗುತ್ತದೆ, ಒಳಗಿನ ನೀರಿನದು ಉಳಿದಿರುತ್ತದೆ. ಒಳಗಿನ ನೀರು ಹೊರಗೆ ಬಂದ ಹಾಗೆಲ್ಲ ಅದರ ಸಂಕೇತವೂ ಆರುತ್ತ ಹೋಗುತ್ತದೆ. ಆರುವ ವೇಗ ನೋಡಿದರೆ ನೀರು ಹೊರಬರುವ ವೇಗ ಸಿಕ್ಕಿತು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮನುಷ್ಯನ ಕಣದ ಪೊರೆಯನ್ನು ನೀರು ದಾಟುವ ಲೆಕ್ಕ ಸೆಕೆಂಡಿಗೆ 0.004 ಸೆಂಟಿಮೀಟರಿನ ಆಸುಪಾಸು. ಇಲಿ, ಹೆಗ್ಗಣ, ಮೊಲ ಮತ್ತು ಆಸ್ಟ್ರೇಲಿಯಾದ ಸಣ್ಣಪುಟ್ಟ ಹೊಟ್ಟೆಚೀಲದ ಪ್ರಾಣಿಗಳದ್ದು 0.008 ದಾಟುತ್ತದೆ, ಅಂದರೆ ನಮ್ಮ ಎರಡು ಪಟ್ಟಿಗೂ ಹೆಚ್ಚು. ನಾಯಿ, ಗಿನಿಪಿಗ್, ಕಾಂಗರೂಗಳೂ ನಮಗಿಂತ ಮುಂದೆ. ಬೆಕ್ಕು, ಕುದುರೆ ನಮ್ಮ ಸಮ. ಹಸು, ಕುರಿ, ಆನೆ ನಮಗಿಂತ ಹಿಂದೆ. ತೀರಾ ತಳದಲ್ಲಿ ಕೋಳಿ, ಪೆಂಗ್ವಿನ್, ಉಪ್ಪುನೀರಿನ ಮೊಸಳೆ, ಜೊತೆಗೆ ಮೊಟ್ಟೆಯಿಡುವ ಸ್ತನಿಗಳಾದ ಎಕಿಡ್ನಾ ಮತ್ತು ಪ್ಲ್ಯಾಟಿಪಸ್. ಕೋಳಿಯ ಕಣಕ್ಕೆ ಪಾದರಸ ಹಾಕಿದರೂ ಏನೂ ಬದಲಾಗುವುದಿಲ್ಲ. ಮುಚ್ಚಲು ಅಲ್ಲಿ ಆಕ್ವಾಪೊರಿನ್ ಎಂಬ ಬಾಗಿಲೇ ಇಲ್ಲ. ನೀರು ಕೊಬ್ಬಿನ ಪದರದಲ್ಲೇ ಹೇಗೋ ತೂರಿ ಹೋಗುತ್ತದೆ. ಅಷ್ಟಾದರೂ ಕೋಳಿ ಚೆನ್ನಾಗಿಯೇ ಬದುಕಿದೆ.

ಪಟ್ಟಿಯಲ್ಲಿ ನನ್ನನ್ನು ಬೆಚ್ಚಿಸಿದ್ದು ಒಂಟೆ. ದಿನಗಟ್ಟಲೆ ನೀರಿಲ್ಲದೆ ನಡೆದು, ಕೊನೆಗೆ ತೊಟ್ಟಿ ಸಿಕ್ಕಾಗ ಒಂದೇ ಸಲಕ್ಕೆ ಹತ್ತಾರು ಲೀಟರ್ ಹೀರುವ ಪ್ರಾಣಿ. ಇದರ ಕಣಕ್ಕೆ ಏನೋ ವಿಶೇಷ ಬಾಗಿಲಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಇಲ್ಲ, ಅಳತೆ ಹೆಚ್ಚುಕಮ್ಮಿ ಮನುಷ್ಯನದ್ದೇ. ವಿಶೇಷ ಇರುವುದು ಗೋಡೆಯಲ್ಲಿ. ಒಂಟೆಯ ಕೆಂಪುಕಣ ನಮ್ಮದರಂತೆ ದುಂಡನೆಯ ಬಿಲ್ಲೆಯಲ್ಲ, ಉದ್ದುದ್ದ ಅಂಡಾಕಾರ; ಪೊರೆಯಲ್ಲಿ ಕೊಬ್ಬಿಗೆ ಹೋಲಿಸಿದರೆ ಪ್ರೋಟೀನಿನ ಪಾಲು ಹೆಚ್ಚು. ಕುಡಿದ ನೀರು ರಕ್ತವನ್ನು ತೆಳುಮಾಡಿದಾಗ ಅದು ಮೂಲ ಗಾತ್ರದ ಸುಮಾರು 240 ಶೇಕಡಾದಷ್ಟು ಉಬ್ಬಿದರೂ ಒಡೆಯದು. ನಮ್ಮದು 150 ಶೇಕಡಾ ಹೊತ್ತಿಗೇ ಸುಸ್ತು. ಆಡಿನ ಕಣವಂತೂ ನಮ್ಮದಕ್ಕಿಂತಲೂ ಬೇಗ ಸೋಲುತ್ತದೆ: ಮನುಷ್ಯನ ಕಣ ಗಟ್ಟಿಯಾಗಿರುವಷ್ಟು ಉಪ್ಪಿರುವ ನೀರಿನಲ್ಲೂ ಅದು ಒಡೆಯತೊಡಗುತ್ತದೆ. ನೀರು ಎಷ್ಟು ಬೇಗ ಬರುತ್ತದೆ ಎಂಬುದು ಒಂದು ಪ್ರಶ್ನೆ, ಬಂದ ನೀರನ್ನು ಎಷ್ಟು ತಾಳಿಕೊಳ್ಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಕಲಸಿಬಿಡುವುದು ಸುಲಭ.

ಇಷ್ಟು ಚುರುಕಿನ ಬಾಗಿಲು ಕೆಂಪುಕಣಕ್ಕೆ ಯಾಕೆ ಬೇಕು? ಮನುಷ್ಯನ ಒಂದೊಂದು ಕಣದಲ್ಲೂ ಸುಮಾರು 2 ಲಕ್ಷ ಆಕ್ವಾಪೊರಿನ್‌ಗಳಿವೆ. ಒಂದೊಂದರಲ್ಲೂ ಸೆಕೆಂಡಿಗೆ 300 ಕೋಟಿಯಷ್ಟು ನೀರಿನ ಅಣುಗಳು ಒಂದರ ಹಿಂದೊಂದು ದಾಟಬಲ್ಲವು. ಹೆಚ್ಚು ಕೇಳಿಬರುವ ಉತ್ತರ ಮೂತ್ರಪಿಂಡದ್ದು. ಅದರ ಒಳಭಾಗದಲ್ಲಿ ಉಪ್ಪು, ಯೂರಿಯಾ ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿ. ಅಲ್ಲಿಗೆ ಇಳಿದು ಹತ್ತುವ ಕಣ ಕ್ಷಣದಲ್ಲಿ ಕುಗ್ಗಿ ಕ್ಷಣದಲ್ಲಿ ಹಿಗ್ಗಬೇಕು. ಇಲಿಯ ಮೂತ್ರ ನಮ್ಮದಕ್ಕಿಂತ ಬಲು ಗಟ್ಟಿ, ಅದರ ಕಣವೂ ವೇಗದ್ದು. ಮೊಸಳೆಗೆ ರಕ್ತಕ್ಕಿಂತ ಗಟ್ಟಿ ಮೂತ್ರ ಮಾಡಲು ಬಾರದು, ಕಣದಲ್ಲಿ ಬಾಗಿಲೂ ಇಲ್ಲ. ಕೇಳಲು ಬಹಳ ಚೆನ್ನಾಗಿದೆ, ಕುರಿ ಬರುವ ತನಕ. ಕುರಿಯ ಮೂತ್ರ ನಮ್ಮದಕ್ಕಿಂತ ಗಟ್ಟಿಯಾಗಬಲ್ಲದು, ಆದರೆ ಕಣ ನಮ್ಮದಕ್ಕಿಂತ ನಿಧಾನ. ದೇಹದ ಗಾತ್ರ ಚಿಕ್ಕದಾದಷ್ಟೂ ವೇಗ ಹೆಚ್ಚು ಎಂದು ಆನೆಯನ್ನೂ ಇಲಿಯನ್ನೂ ತೋರಿಸಿ ವಾದಿಸಿದರೆ, ಬೆಕ್ಕು ನಮ್ಮ ಸಮಕ್ಕೆ ಬಂದು ಕೂತಿದೆ, ಕೆಂಪು ಕಾಂಗರೂ ನಮ್ಮನ್ನು ದಾಟಿದೆ. ಲೋಮನಾಳಗಳಲ್ಲಿ ಮೈ ಹಿಂಡಿಕೊಂಡು ಸಾಗುವ ಕಣಕ್ಕೆ, ನೀರು ಸಲೀಸಾಗಿ ಒಳಹೊರಗೆ ಆಡಿದರೆ ಪೊರೆಯ ಅಲುಗಾಟಕ್ಕೆ ತಗಲುವ ಶಕ್ತಿ ಉಳಿಯಬಹುದು ಎಂಬುದು ಬೆಂಗಾ ಮತ್ತು ಕುಚೆಲ್ ಮುಂದಿಟ್ಟ ಊಹೆ. ಊಹೆ ಆಕರ್ಷಕವಾಗಿದೆ, ನಾನಂತೂ ಅದನ್ನು ಊಹೆಯೆಂದೇ ಓದುತ್ತೇನೆ.

ಬಾಗಿಲೇ ಇಲ್ಲದ ಮನುಷ್ಯರೂ ಇದ್ದಾರೆ, ಬೆರಳೆಣಿಕೆಯಷ್ಟು. ಕೋಲ್ಟನ್ ಎಂಬ ರಕ್ತಗುಂಪಿನ ಗುರುತು ಇರುವುದು ಈ ಆಕ್ವಾಪೊರಿನ್ ಮೇಲೆಯೇ. ಆ ಗುರುತು ಪೂರಾ ಇಲ್ಲದವರನ್ನು 1994ರಲ್ಲಿ ಪರೀಕ್ಷಿಸಿದಾಗ ಅವರಿಗೆ ಹೇಳಿಕೊಳ್ಳುವಂಥ ಯಾವ ಕಾಯಿಲೆಯೂ ಇರಲಿಲ್ಲ. 2001ರಲ್ಲಿ ಅಂಥ ಇಬ್ಬರನ್ನು ಒಂದು ದಿನ ನೀರು ಕೊಡದೆ ನೋಡಿದರು. ಆಗ ಕೊರತೆ ಕಂಡಿತು: ಬೇರೆಯವರಂತೆ ಅವರ ಮೂತ್ರ ಗಟ್ಟಿಯಾಗಲಿಲ್ಲ. ಆಕ್ವಾಪೊರಿನ್ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳ ಪಾಡು ಇನ್ನೂ ಕಷ್ಟ; 36 ಗಂಟೆ ನೀರಿಲ್ಲದಿದ್ದರೆ ಮೈತೂಕದ ಮೂರನೇ ಒಂದು ಪಾಲಿಗೂ ಹೆಚ್ಚು ಕಳೆದುಕೊಳ್ಳುತ್ತಿದ್ದವು. ಈ ಎರಡೂ ಕಡೆ ಎಡವಿದ್ದು ಮೂತ್ರಪಿಂಡ. ಅದರ ನಾಳಗಳಲ್ಲೂ ಇದೇ ಪ್ರೋಟೀನು ಕೆಲಸ ಮಾಡುತ್ತದೆ. ಬಾಗಿಲು ಕಳೆದುಕೊಂಡ ಕೆಂಪುಕಣಗಳು ಮಾತ್ರ ಆಮ್ಲಜನಕ ಹೊತ್ತು ಎಂದಿನಂತೆ ತಿರುಗುತ್ತಲೇ ಇದ್ದವು.