ಪುಸ್ತಕ ಮುಚ್ಚಿಯೂ ಓದಬೇಕು: ಕಲಿಕೆಯ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ವಾರ ಶಿಕ್ಷಕರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತೊಂದಿದೆ: "ಓದಿದ್ದೆ ಸಾರ್, ಹಾಲ್‌ನಲ್ಲಿ ನೆನಪಾಗಲಿಲ್ಲ." ಅದನ್ನು ನೆಪ ಎಂದು ತಳ್ಳಿಹಾಕುವವರಿದ್ದಾರೆ, ಮಗುವಿನ ತಲೆಗೆ ಹತ್ತುವುದಿಲ್ಲ ಎಂದು ಕೈಚೆಲ್ಲುವವರೂ ಇದ್ದಾರೆ. ಬಹಳಷ್ಟು ಮಕ್ಕಳ ವಿಷಯದಲ್ಲಿ ಎರಡೂ ತಪ್ಪು. ಅವರು ನಿಜಕ್ಕೂ ಓದಿರುತ್ತಾರೆ. ಹೇಗೆ ಓದಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ಆ ಜಾಗದಲ್ಲಿ ಕೆಲವು ಹಳೆಯ ನಂಬಿಕೆಗಳು ಕೂತಿವೆ, ಈಚೆಗೆ ಕೆಲವು ಹೊಸವೂ ಸೇರಿಕೊಂಡಿವೆ.

"ಹತ್ತು ಸಲ ಓದಿದರೆ ತಾನಾಗಿ ನೆನಪಿರುತ್ತದೆ"

ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಇದೇ. ಎರಡನೇ ಸಲ ಓದುವಾಗ ಪಾಠ ಸಲೀಸಾಗಿ ಸಾಗುತ್ತದೆ, ಮೂರನೇ ಸಲ ಇನ್ನೂ ಸಲೀಸು. ಸಾಲುಗಳ ಗುರುತು ಸಿಗುತ್ತದೆ. ಆ ಗುರುತನ್ನೇ ಮಗು 'ನನಗೆ ಬರುತ್ತದೆ' ಎಂದು ತಿಳಿಯುತ್ತದೆ. ಪರೀಕ್ಷೆಯಲ್ಲಾದರೋ ಪುಟ ಎದುರಿಗಿರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ. ಕಂಡದ್ದನ್ನು ಗುರುತು ಹಿಡಿಯುವುದು ಒಂದು ಕೆಲಸ, ಕಾಣದ್ದನ್ನು ನೆನಪಿನಿಂದ ಹೊರತೆಗೆಯುವುದು ಬೇರೆಯೇ ಕೆಲಸ. ಹತ್ತು ಸಲ ಓದಿದವರು ಮೊದಲನೆಯದನ್ನಷ್ಟೇ ಅಭ್ಯಾಸ ಮಾಡಿರುತ್ತಾರೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ, ನಾಲ್ಕು ಅವಧಿ. ಒಂದು ಗುಂಪು ನಾಲ್ಕರಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ಪಕ್ಕಕ್ಕಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಕಳೆದಾಗ ಓದಿದವರು ಶೇ. 40ಕ್ಕೆ ಕುಸಿದರು, ಬರೆದವರು ಶೇ. 61ರಲ್ಲಿ ನಿಂತರು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆ ತೋರಿಸಿದ್ದು ಬರೀ ಓದಿದ ಗುಂಪು. ಸಲೀಸಾಗಿ ಓದಿಸಿಕೊಂಡು ಹೋದದ್ದನ್ನು ಮನಸ್ಸು ಕಲಿತದ್ದೆಂದು ಲೆಕ್ಕ ಹಾಕುತ್ತದೆ. ತಡವರಿಸುತ್ತಾ ನೆನಪಿಸಿಕೊಂಡದ್ದು ಗಟ್ಟಿಯಾಗಿ ಉಳಿದರೂ ಆಗ ಅದು ಸೋಲಿನಂತೆ ಕಾಣುತ್ತದೆ.

ಮನೆಯಲ್ಲಿ ಇದನ್ನು ಮಾಡಲು ಒಂದು ಬಿಳಿ ಹಾಳೆ ಸಾಕು. ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠವನ್ನೇ ತೆಗೆದುಕೊಳ್ಳಿ. ಹೃದಯದ ಭಾಗವನ್ನು ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಚಿತ್ರ ಬರೆಯಬೇಕು. ಬಲ ಹೃತ್ಕರ್ಣಕ್ಕೆ ರಕ್ತ ಬಂತು, ಬಲ ಹೃತ್ಕುಕ್ಷಿಗೆ ಇಳಿಯಿತು, ಅಲ್ಲಿಂದ ಶ್ವಾಸಕೋಶಕ್ಕೆ ಹೋಯಿತು, ಮುಂದೆ? ಪೆನ್ಸಿಲ್ ಇಲ್ಲಿ ನಿಲ್ಲುತ್ತದೆ. ನಿಂತ ಜಾಗಕ್ಕೆ ಒಂದು ಪ್ರಶ್ನೆಚಿಹ್ನೆ ಹಾಕಿ, ಇನ್ನೂ ಒಂದೆರಡು ನಿಮಿಷ ಯೋಚಿಸಿ, ಆಮೇಲೆ ಪುಸ್ತಕ ತೆರೆದು ಸರಿನೋಡಿಕೊಳ್ಳಬೇಕು. ಸರಿನೋಡುವುದನ್ನು ಬಿಡುವಂತಿಲ್ಲ, ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಎರಡು ದಿನ ಬಿಟ್ಟು ಹೊಸ ಹಾಳೆಯಲ್ಲಿ ಮತ್ತೊಮ್ಮೆ.

ಹೈಲೈಟರ್ ಹಿಡಿದು ಪುಟವೆಲ್ಲ ಹಳದಿ ಮಾಡುವ ಮಕ್ಕಳಿಗೂ ಒಂದು ಮಾತು. ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿನೋಡಿದಾಗ ಗೆರೆ ಎಳೆಯುವುದೂ ಮರು ಓದೂ ಕೆಳಗಿನ ಸಾಲಿನಲ್ಲಿ ಬಂದವು. ಮೇಲಿನ ಸಾಲಿನಲ್ಲಿ ನಿಂತವು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು.

"ಒಂದು ಬಗೆಯ ಲೆಕ್ಕ ಪೂರ್ತಿ ಪಳಗಿದ ಮೇಲೆಯೇ ಮುಂದಿನದು"

ಗಣಿತದ ಅಭ್ಯಾಸವೆಲ್ಲ ಹೀಗೇ ನಡೆಯುತ್ತದೆ. ಸಿಲಿಂಡರಿನ ಘನಫಲದ ಲೆಕ್ಕ ಹತ್ತು, ಆಮೇಲೆ ಶಂಕುವಿನದು ಹತ್ತು, ಆಮೇಲೆ ಗೋಳದ್ದು. ಮೂರನೇ ಲೆಕ್ಕದ ಹೊತ್ತಿಗೆ ಮಗು ಪ್ರಶ್ನೆಯನ್ನು ಓದುವುದನ್ನೇ ಬಿಟ್ಟು ಸೂತ್ರಕ್ಕೆ ಅಂಕಿ ತುಂಬುತ್ತಾ ಹೋಗುತ್ತದೆ. ಯಾವ ಸೂತ್ರ ಹಾಕಬೇಕು ಎಂಬ ಅಸಲಿ ಪ್ರಶ್ನೆ ಅದಕ್ಕೆ ಎದುರಾಗುವುದೇ ಇಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಲೆಕ್ಕವನ್ನೇ ಇಟ್ಟುಕೊಂಡು ಪ್ರಯೋಗ ನಡೆಸಿದರು. ಬಗೆಬಗೆಯಾಗಿ ವಿಂಗಡಿಸಿ ಮಾಡಿದವರು ಅಭ್ಯಾಸದಲ್ಲಿ ಶೇ. 89 ಸರಿ ಮಾಡಿದರು, ಬೆರೆಸಿ ಮಾಡಿದವರು ಶೇ. 60 ಮಾತ್ರ. ಒಂದು ವಾರದ ನಂತರದ ಪರೀಕ್ಷೆಯಲ್ಲಿ ವಿಂಗಡಿಸಿ ಮಾಡಿದವರಿಗೆ ಬಂದದ್ದು ಶೇ. 20, ಬೆರೆಸಿ ಮಾಡಿದವರಿಗೆ ಶೇ. 63. ಹಾಗಾಗಿ ಪಾಠದ ಕೊನೆಯ ಅಭ್ಯಾಸದಿಂದ ಎರಡು, ಹಿಂದಿನ ಪಾಠದಿಂದ ಎರಡು, ಅದಕ್ಕೂ ಹಿಂದಿನದರಿಂದ ಒಂದು ಎಂದು ಮನೆಗೆಲಸ ಕೊಡುವ ಶಿಕ್ಷಕರು ಮಕ್ಕಳಿಗೆ ದೊಡ್ಡ ಉಪಕಾರ ಮಾಡುತ್ತಾರೆ.

"ಓದಿದ್ದರಲ್ಲಿ ಶೇ. 10, ನೋಡಿದ್ದರಲ್ಲಿ ಶೇ. 30 ನೆನಪಿರುತ್ತದೆ"

ಶಿಕ್ಷಕರ ತರಬೇತಿಯಲ್ಲಿ, ಸ್ಮಾರ್ಟ್ ಕ್ಲಾಸ್ ಮಾರಲು ಬರುವವರ ಸ್ಲೈಡುಗಳಲ್ಲಿ ಈ ಅಂಕಿಗಳು ಎಡ್ಗರ್ ಡೇಲ್ ಅವರ 'ಅನುಭವ ಶಂಕು'ವಿನ ಜೊತೆ ಕಾಣಿಸಿಕೊಳ್ಳುತ್ತವೆ. ಡೇಲ್ ಆ ಶಂಕುವನ್ನು 1946ರ ತಮ್ಮ ಪುಸ್ತಕದಲ್ಲಿ ಕೊಟ್ಟದ್ದು ನಿಜ. ಅದರಲ್ಲಿ ಒಂದೇ ಒಂದು ಶೇಕಡಾವಾರು ಇಲ್ಲ. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದರು, ಅವುಗಳ ಹಿಂದೆ ಸಂಶೋಧನೆಯೂ ಇಲ್ಲ. ಇಂಥದ್ದೇ ಇನ್ನೊಂದು ಮಾತು, ಕೆಲವರು ಕಣ್ಣಿನಿಂದ, ಕೆಲವರು ಕಿವಿಯಿಂದ ಕಲಿಯುವವರು ಎಂಬುದು. ಹೆರಾಲ್ಡ್ ಪ್ಯಾಶ್ಲರ್ ಮತ್ತಿತರರು 2008ರಲ್ಲಿ ಪರಿಶೀಲಿಸಿದಾಗ, ಮಗುವಿನ 'ಶೈಲಿ' ನೋಡಿ ಪಾಠ ಮಾಡಿದರೆ ಹೆಚ್ಚು ಕಲಿಯುತ್ತದೆ ಎನ್ನಲು ತಕ್ಕ ಆಧಾರ ಸಿಗಲಿಲ್ಲ. ಭೂಪಟ ಎಲ್ಲರೂ ನೋಡಬೇಕಾದ್ದು, ಪದ್ಯ ಎಲ್ಲರೂ ಕೇಳಬೇಕಾದ್ದು.

"ಸ್ಮಾರ್ಟ್ ಬೋರ್ಡ್ ಬಂದರೆ ಕಲಿಕೆ ಸುಧಾರಿಸುತ್ತದೆ"

ಪೆರು ದೇಶ ಹಳ್ಳಿಶಾಲೆಗಳ ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟಿತು. 319 ಶಾಲೆಗಳಲ್ಲಿ ನಡೆದ ಅಧ್ಯಯನದಲ್ಲಿ, ಸುಮಾರು 15 ತಿಂಗಳ ನಂತರವೂ ಗಣಿತ, ಭಾಷೆಗಳ ಅಂಕ ಹೆಚ್ಚಿರಲಿಲ್ಲ. ಹಾಗೆಂದು ತಂತ್ರಜ್ಞಾನವೇ ದಂಡ ಎನ್ನುವುದೂ ತಪ್ಪು ಕಲ್ಪನೆ. ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶ ಬಳಸಿದ ಮಕ್ಕಳನ್ನು ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂದ್ರೋ ಗನಿಮಿಯಾನ್ ಅಧ್ಯಯನ ಮಾಡಿದರು. ಶಾಲೆ ಬಿಟ್ಟ ಮೇಲೆ 45 ನಿಮಿಷ ಕಂಪ್ಯೂಟರ್, 45 ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕರ ಪಾಠ. ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ಗಣನೀಯ ಸುಧಾರಣೆ ಕಂಡಿತು.

ಯಂತ್ರ ಎರಡೂ ಕಡೆ ಇತ್ತು, ವ್ಯತ್ಯಾಸ ಬಂದದ್ದು ಅದರಿಂದ ಮಾಡಿಸಿದ ಕೆಲಸದಲ್ಲಿ. ದೆಹಲಿಯ ಆ ಮಕ್ಕಳಲ್ಲಿ ಆರನೇ ತರಗತಿಯವರು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ತಂತ್ರಾಂಶ ಅವರನ್ನು ಆರನೇ ತರಗತಿಯ ಲೆಕ್ಕದ ಮುಂದೆ ಕೂರಿಸಲಿಲ್ಲ. ಅವರಿಗೆ ಎಲ್ಲಿ ತಪ್ಪುತ್ತಿದೆ ಎಂದು ಕಂಡುಹಿಡಿದು, ಅಲ್ಲಿಂದ ಪ್ರಶ್ನೆ ಕೇಳುತ್ತಾ, ಉತ್ತರ ತಿದ್ದುತ್ತಾ ಮೇಲಕ್ಕೆ ತಂದಿತು. ನಮ್ಮಲ್ಲಿ ಇದೇ ವಿಚಾರ ಕಂಪ್ಯೂಟರಿಲ್ಲದೆ ಬಂದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಕಾರ್ಡುಗಳಿವೆ, ಕಲಿಕಾ ಏಣಿಯಿದೆ. ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಹತ್ತುತ್ತದೆ.

ಸ್ಮಾರ್ಟ್ ಬೋರ್ಡ್ ಇರುವ ತರಗತಿಯಲ್ಲಿ ಹೃದಯದ ವಿಡಿಯೊ ಹಾಕಿ ಕೊನೆತನಕ ಬಿಟ್ಟರೆ ಮಕ್ಕಳು ಸಂತೋಷವಾಗಿ ನೋಡುತ್ತಾರೆ, ಅಷ್ಟೇ. ರಕ್ತ ಶ್ವಾಸಕೋಶದಿಂದ ಹೊರಡುವ ಕಡೆ ನಿಲ್ಲಿಸಿ, "ಇನ್ನು ಎಲ್ಲಿಗೆ ಹೋಗುತ್ತದೆ? ಎಲ್ಲರೂ ಬರೆದು ಎತ್ತಿ ಹಿಡಿಯಿರಿ" ಎಂದು ಕೇಳಬೇಕು. ನಲವತ್ತು ಸ್ಲೇಟುಗಳು ಒಟ್ಟಿಗೆ ಮೇಲೇಳುತ್ತವೆ, ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಗ ಕೈ ಎತ್ತುವ ಮುಂದಿನ ಬೆಂಚಿನ ಮೂವರು ಇಡೀ ತರಗತಿಯ ಪರವಾಗಿ ಕಲಿಯುವುದು ತಪ್ಪುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾದಲ್ಲಿ ಪಾಠ ನೋಡುವ ಮಕ್ಕಳಿಗೂ ಇದೇ ಕ್ರಮ: ನಿಲ್ಲಿಸು, ಹೇಳು, ಮುಂದುವರಿಸು.

"ಬಾಯಿಪಾಠ ದಡ್ಡರ ದಾರಿ"

ಇದು ಅರ್ಧ ಸತ್ಯ. ಅರ್ಥ ತಿಳಿಯದೆ ಗೈಡಿನ ಉತ್ತರ ಉರುಹೊಡೆಯುವುದು ವ್ಯರ್ಥ. ಮಗ್ಗಿಯ ಮಾತು ಬೇರೆ. ಏಳೆಂಟ್ಲ ಐವತ್ತಾರು ಎಂದು ಥಟ್ಟನೆ ಬರುವ ಮಗುವಿನ ಗಮನ ಲೆಕ್ಕದ ಮೇಲೆ ಉಳಿಯುತ್ತದೆ. ಬರದ ಮಗುವಿನ ಗಮನವೆಲ್ಲ ಗುಣಾಕಾರದಲ್ಲೇ ಖರ್ಚಾಗುತ್ತದೆ. ಮಗ್ಗಿ ಹೇಳಿಸುವುದನ್ನು ನಿಲ್ಲಿಸಬಾರದು.

"ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟರೆ ಅಷ್ಟಾದರೂ ಲಾಭ"

ಕಲಿತ ಮೇಲೆ ನಿದ್ದೆ ಮಾಡಿದರೆ, ಅಷ್ಟೇ ಹೊತ್ತು ಎಚ್ಚರವಿದ್ದಾಗಿನದಕ್ಕಿಂತ ಕಡಿಮೆ ಮರೆಯುತ್ತೇವೆ ಎಂದು ಜೆಂಕಿನ್ಸ್ ಮತ್ತು ಡ್ಯಾಲೆನ್‌ಬ್ಯಾಕ್ 1924ರಲ್ಲೇ ತೋರಿಸಿದ್ದರು. ಕಲಿತದ್ದು ನೆಲೆಗೊಳ್ಳಲು ನಿದ್ದೆ ಬೇಕು. ಆ ರಾತ್ರಿಯ ಆರು ಗಂಟೆಗಳನ್ನು ಹಿಂದಿನ ಎರಡು ವಾರಗಳಿಗೆ ಅರ್ಧರ್ಧ ಗಂಟೆಯಾಗಿ ಹಂಚಿದರೆ ಅದೇ ಸಮಯದಲ್ಲಿ ಹೆಚ್ಚು ಉಳಿಯುತ್ತದೆ.

ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು, ಲೆಕ್ಕ ಬೆರೆಸಿ ಮಾಡಲು, ಓದನ್ನು ದಿನಗಳ ಮೇಲೆ ಹಂಚಿಕೊಳ್ಳಲು ಹಣ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. ಶಿಕ್ಷಕರಲ್ಲಿ ಒಂದು ವಿನಂತಿ: ದಿನದ ಮೊದಲ ಐದು ನಿಮಿಷ ನಿನ್ನೆಯ ಪಾಠದಿಂದ ಮೂರು ಪ್ರಶ್ನೆ ಕೇಳಿ, ಅದಕ್ಕೆ ಅಂಕ ಹಾಕಬೇಡಿ, ತಪ್ಪಿದವರನ್ನು ನಿಲ್ಲಿಸಬೇಡಿ. ತಂದೆತಾಯಂದಿರೇ, ಎಷ್ಟು ಗಂಟೆ ಓದಿದೆ ಎಂದು ಕೇಳುವುದನ್ನು ಬಿಡಿ. ಸಂಜೆ ಹತ್ತು ನಿಮಿಷ ಪಕ್ಕದಲ್ಲಿ ಕೂತು, "ಪುಸ್ತಕ ಮುಚ್ಚಿ, ಇವತ್ತು ಓದಿದ್ದನ್ನು ನನಗೆ ಹೇಳಿಕೊಡು" ಎನ್ನಿ. ನಿಮಗೆ ಆ ವಿಷಯ ಗೊತ್ತಿರಬೇಕೆಂದೇನೂ ಇಲ್ಲ.