ಮುಖಗಾಣದ ಹರಾಜು

ಮಾರುವವನೂ ಕೊಳ್ಳುವವನೂ ಎದುರುಬದುರಾಗಿ ನಿಂತು ವ್ಯವಹರಿಸುವುದು ಮಾನವನ ಬಹು ಹಳೆಯ ರೂಢಿಗಳಲ್ಲೊಂದು. ಈಗ ಗಣಕಯಂತ್ರ ಮತ್ತು ಅಂತರಜಾಲಗಳ ನೆರವಿನಿಂದ, ಒಬ್ಬರ ಮುಖವನ್ನೊಬ್ಬರು ಕಾಣದೆಯೇ ಹರಾಜು ಮುಗಿಯುವುದುಂಟು. ಮುಖಾಮುಖಿಯಿಂದ ದೊರೆಯುತ್ತಿದ್ದುದೇನು, ಅದು ತಪ್ಪಿದಾಗ ಅದರ ಸ್ಥಾನವನ್ನು ಯಾವುದು ತುಂಬಬೇಕು ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ದನಗಳ ಜಾತ್ರೆಗೆ ಹೆಸರಾದ ಸ್ಥಳ. ನಮ್ಮ ನಾಡಿನ ಇಂಥ ಜಾತ್ರೆಗಳಲ್ಲಿ ಬೆಲೆ ಗೊತ್ತುಮಾಡುವ ಒಂದು ಹಳೆಯ ಪದ್ಧತಿಯುಂಟು. ಕೊಳ್ಳುವವನು ಮೊದಲು ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಇಬ್ಬರ ಕೈಗಳೂ ಸೇರುತ್ತವೆ. ಬೆರಳುಗಳನ್ನು ಹಿಡಿದೊತ್ತುವುದರಿಂದಲೇ ಬೆಲೆ ಏರುತ್ತದೆ, ಇಳಿಯುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯದು.

ಈ ಒಂದು ಸಂಪರ್ಕದಲ್ಲಿ ಮೂರು ಕೆಲಸಗಳು ಅಡಗಿವೆ. ಸರಕಿನ ಗುಣ ತಿಳಿಯುವುದು ಮೊದಲನೆಯದು. ಬೆಲೆಯನ್ನು ಗುಟ್ಟಾಗಿಡುವುದು ಎರಡನೆಯದು. ಎದುರಿನವನು ಮಾತಿಗೆ ತಪ್ಪದವನೇ ಎಂದು ಅಳೆಯುವುದು ಮೂರನೆಯದು. ಅಂತರಜಾಲದ ಹರಾಜು ಈ ಮೂರನ್ನೂ ಬೇರೆ ಬೇರೆಯಾಗಿ ನಿರ್ವಹಿಸಬೇಕಾಗುತ್ತದೆ.

ಎರಡನೆಯ ಕೆಲಸವನ್ನು ಯಂತ್ರವು ಸುಲಭವಾಗಿ ಮಾಡಬಲ್ಲುದು. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದಾಗಿ ಬೆಸೆಯುವ ಏಕೀಕೃತ ಮಾರುಕಟ್ಟೆ ವೇದಿಕೆಯು 2014ರಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ವೇದಿಕೆಯಾದ ಇ-ನಾಮ್ 2016ರ ಏಪ್ರಿಲ್ 14ರಂದು ಬಂದಿತು. ಕರ್ನಾಟಕದ ಏರ್ಪಾಡಿನಲ್ಲಿ ರೈತನು ತಂದ ರಾಶಿಗೆ ಒಂದು ಸಂಖ್ಯೆ ದೊರೆಯುತ್ತದೆ. ವರ್ತಕರು ಗೊತ್ತಾದ ವೇಳೆಯೊಳಗೆ ತಮ್ಮ ತಮ್ಮ ಬೆಲೆಯನ್ನು ಗಣಕದಲ್ಲಿ ನಮೂದಿಸುತ್ತಾರೆ. ಒಬ್ಬನ ಸವಾಲು ಇನ್ನೊಬ್ಬನಿಗೆ ಕಾಣದು. ವೇಳೆ ಮುಗಿದ ಮೇಲೆ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ಅದನ್ನು ಒಪ್ಪುವ ಅಥವಾ ತಳ್ಳಿಹಾಕುವ ಹಕ್ಕು ರೈತನದು. ಟವೆಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಣಕವು ಮಾಡುತ್ತದೆ. ಆದರೆ ಒಂದು ವ್ಯತ್ಯಾಸವುಂಟು: ಟವೆಲಿನ ಮರೆಯಲ್ಲಿ ಕೊಳ್ಳುವವನು ಒಬ್ಬನೇ, ಇಲ್ಲಿ ಹಲವರು ಏಕಕಾಲದಲ್ಲಿ ಸ್ಪರ್ಧಿಸಬಹುದು, ದೂರದ ಊರಿನ ವರ್ತಕನೂ ಸವಾಲು ಹಾಕಬಹುದು.

ಮೊದಲನೆಯ ಕೆಲಸವೇ ಕಷ್ಟದ್ದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಗೂಡು ಕಾಯಲಾರದ ಸರಕು. ಬಿಡಿಸಿದ ಕೆಲವೇ ದಿನಗಳಲ್ಲಿ ಒಳಗಿನ ಕೋಶವು ಪತಂಗವಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ತುಂಡಾಗದಂತೆ ನೂಲು ತೆಗೆಯಲಾಗದು. ಆದುದರಿಂದ ಬಂದ ಬೆಲೆಗೆ ಕೊಡದೆ ರೈತನಿಗೆ ಗತ್ಯಂತರವಿಲ್ಲದ ಸಂದರ್ಭ ಒದಗುತ್ತದೆ. ಇತ್ತ ನೂಲು ತೆಗೆಯುವ ರೀಲರು, ಗೂಡನ್ನು ಬೆರಳಿನಿಂದ ಒತ್ತಿ ಅದರ ಗಟ್ಟಿತನವನ್ನೂ, ಕಲೆಯುಂಟೇ ಎಂಬುದನ್ನೂ ನೋಡದೆ ಬೆಲೆ ಹೇಳಲಾರ. ರಾಮನಗರ, ಶಿಡ್ಲಘಟ್ಟಗಳ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಮೊಬೈಲ್ ದೂರವಾಣಿಯ ಮೂಲಕ ಹರಾಜು ಬಂದ ಮೇಲೂ ರೀಲರು ಗೂಡನ್ನು ಕಣ್ಣಾರೆ ಕಂಡೇ ಸವಾಲು ಹಾಕುವುದು ಇದರಿಂದಲೇ. ಅಲ್ಲಿ ಕೂಗು ನಿಂತಿತು, ಕೈ ಮುಟ್ಟುವುದು ನಿಲ್ಲಲಿಲ್ಲ.

ಸರಕನ್ನು ಕಾಣದೆ ಸವಾಲು ಹಾಕುವವನು ಏನು ಮಾಡುತ್ತಾನೆ? ಮೋಸಹೋಗುವ ಅಂಜಿಕೆಯಿಂದ ಬೆಲೆಯನ್ನು ತಗ್ಗಿಸಿ ಹೇಳುತ್ತಾನೆ. ಒಳ್ಳೆಯ ಮಾಲಿಗೂ ಕೆಟ್ಟ ಮಾಲಿಗೂ ಒಂದೇ ಬೆಲೆ ಬಂದರೆ ಒಳ್ಳೆಯ ಮಾಲಿನವನು ಸಂತೆಯನ್ನೇ ಬಿಡುತ್ತಾನೆ. ಇದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ವಿವರಿಸಿದರು; 2001ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವೆಬರ್ ಎಂಬುವರು 1982ರಲ್ಲಿ ಇನ್ನೊಂದು ಮಾತನ್ನು ಗಣಿತದಿಂದ ತೋರಿಸಿದರು: ಹರಾಜಿನಲ್ಲಿ ಸರಕಿನ ನಿಜಸ್ಥಿತಿಯನ್ನು ಮುಚ್ಚಿಡುವುದಕ್ಕಿಂತ ಎಲ್ಲರಿಗೂ ತಿಳಿಸುವ ನಿಯಮವನ್ನು ಪಾಲಿಸಿದರೆ, ಸರಾಸರಿಯಲ್ಲಿ ಮಾರುವವನಿಗೇ ಮೇಲು.

ಮೂರನೆಯದಾದ ನಂಬಿಕೆಗೆ ಅಂತರಜಾಲವು ಗ್ರಾಹಕರ ಅಭಿಪ್ರಾಯಗಳ ದಾಖಲೆಯನ್ನು ಆಶ್ರಯಿಸಿತು. 1995ರಲ್ಲಿ ಹುಟ್ಟಿದ ಈಬೇ ಹರಾಜಿನಲ್ಲಿ ಸಂಶೋಧಕರು ಹಳೆಯ ಅಂಚೆಕಾರ್ಡುಗಳನ್ನು ಎರಡು ಬಗೆಯ ಹೆಸರುಗಳಲ್ಲಿ ಮಾರಿ ನೋಡಿದರು. ಒಳ್ಳೆಯ ದಾಖಲೆ ಬೆಳೆಸಿಕೊಂಡ ಹೆಸರಿಗೆ, ಹೊಸ ಹೆಸರಿಗಿಂತ ಸುಮಾರು ನೂರಕ್ಕೆ 8ರಷ್ಟು ಹೆಚ್ಚು ಬೆಲೆ ದೊರೆಯಿತೆಂದು 2006ರಲ್ಲಿ ಅವರು ಪ್ರಕಟಿಸಿದರು. ಹೀಗೆ ಒಳ್ಳೆಯ ಹೆಸರಿಗೂ ಒಂದು ಬೆಲೆ ಉಂಟೆಂದಾಯಿತು.

ಇವುಗಳಿಂದ ನಮ್ಮ ರೈತನಿಗೆ ಲಾಭವಾಯಿತೇ? ಕರ್ನಾಟಕದ ವೇದಿಕೆಯನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಭತ್ತದ ಬೆಲೆ ನೂರಕ್ಕೆ 5.1, ನೆಲಗಡಲೆಯದು 3.6, ಮುಸುಕಿನ ಜೋಳದ್ದು 3.5 ಭಾಗ ಏರಿತೆಂದು ಕಂಡುಕೊಂಡಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಸಾಗಾಣಿಕೆಯ ತೊಡಕು, ಕೆಲವೇ ವರ್ತಕರ ಪ್ರಾಬಲ್ಯ ಮುಂತಾದವು ಈ ವ್ಯತ್ಯಾಸಕ್ಕೆ ಕಾರಣಗಳೆಂದು ಅದು ತಿಳಿಸಿತು.

ಆದುದರಿಂದ ಯಂತ್ರವೊಂದನ್ನು ತಂದಿರಿಸಿದ ಮಾತ್ರಕ್ಕೆ ನ್ಯಾಯವಾದ ಬೆಲೆ ಹುಟ್ಟದು. ತೂಕ ಸರಿಯಾಗಿರಬೇಕು, ತೇವಾಂಶವನ್ನೂ ಗುಣವನ್ನೂ ಪಕ್ಷಪಾತವಿಲ್ಲದೆ ಅಳೆದು ಬರೆಯುವ ವ್ಯವಸ್ಥೆ ಪ್ರತಿಯೊಂದು ಮಾರುಕಟ್ಟೆಯಲ್ಲಿಯೂ ಇರಬೇಕು, ಹಣ ಒಡನೆಯೇ ಕೈಸೇರಬೇಕು. ಕಣ್ಣು, ಕೈ, ಮಾತುಗಳು ಹಿಂದೆ ಮಾಡುತ್ತಿದ್ದ ಕೆಲಸವನ್ನು ಇವು ಪೂರೈಸಿದಾಗ ಮಾತ್ರವೇ, ತನ್ನ ರಾಶಿಯನ್ನು ಕಾಣದ ವರ್ತಕನಿಂದಲೂ ರೈತನು ತಕ್ಕ ಬೆಲೆಯನ್ನು ನಿರೀಕ್ಷಿಸಬಹುದು.