ತಾರೀಖಲ್ಲ, ಶಾಖದ ಲೆಕ್ಕ

ಮಾವಿನ ತೋಟದಲ್ಲಿ ಔಷಧ ಸಿಂಪಡಿಸುವವರು ಸಾಮಾನ್ಯವಾಗಿ ತಾರೀಖು ನೋಡುತ್ತಾರೆ. ಹಣ್ಣುನೊಣಕ್ಕೆ ತಾರೀಖಿನ ಹಂಗಿಲ್ಲ. ಅದು ಬೆಳೆಯುವುದು ಶಾಖದ ಲೆಕ್ಕದಲ್ಲಿ. ಬೆಳೆಗಳ ಬಗ್ಗೆ ಫ್ರಾನ್ಸಿನ ರಿಯೂಮರ್ 1735ರಲ್ಲಿ ಮಂಡಿಸಿದ ಈ ವಿಚಾರ ಕೀಟಗಳಿಗೂ ಸಲ್ಲುತ್ತದೆ. ದಿನದ ಗರಿಷ್ಠ ಉಷ್ಣತೆ 36, ಕನಿಷ್ಠ 20 ಡಿಗ್ರಿಯಾದರೆ ಸರಾಸರಿ 28. ಕೀಟದ ಬೆಳವಣಿಗೆ 12 ಡಿಗ್ರಿಯ ಮೇಲೆ ಆರಂಭವಾಗುತ್ತದೆ ಎಂದಿಟ್ಟುಕೊಂಡರೆ ಅಂದಿನ ಜಮೆ 16. ಜಮೆ ನಿಗದಿತ ಮೊತ್ತ ಮುಟ್ಟಿದಾಗ ಮೊಟ್ಟೆ ಮರಿಯಾಗುತ್ತದೆ, ಮಣ್ಣಿನೊಳಗಿನ ಕೋಶ ಒಡೆದು ನೊಣ ಹೊರಬರುತ್ತದೆ. ಸಿಪ್ಪೆಯೊಳಗೆ ಮೊಟ್ಟೆಯಿಟ್ಟ ಮೇಲೆ ಸಿಂಪಡಣೆ ಬಹುಮಟ್ಟಿಗೆ ವ್ಯರ್ಥ.

ಆದರೆ ಘಟ್ಟದಂಚಿನ ಬೆಳಗಾವಿಯ ತಂಪು ಮುರಗೋಡಕ್ಕಿಲ್ಲ. ಜಿಲ್ಲಾ ಕೇಂದ್ರದ ಅಂಕಿ ಹಿಡಿದು ಕುಳಿತರೆ ನೊಣ ನಮಗಿಂತ ಮೊದಲೇ ಬಂದಿರುತ್ತದೆ! ತೋಟದಲ್ಲೊಂದು ಗರಿಷ್ಠ-ಕನಿಷ್ಠ ತಾಪಮಾಪಕವಿರಲಿ. ಮೀಥೈಲ್ ಯೂಜಿನಾಲ್ ಬಲೆಗೆ ಮೊದಲ ಗಂಡುನೊಣ ಬಿದ್ದ ದಿನದಿಂದ ಎಣಿಕೆ ನಡೆಯಲಿ. ಆ ಮೊತ್ತವನ್ನು ಈ ಸೀಮೆಗೆ ಹೊಂದಿಸಿಕೊಡುವ ಹೊಣೆಯನ್ನು ಅರಭಾವಿಯ ತೋಟಗಾರಿಕೆ ಕಾಲೇಜು ಹೊರಬಹುದು.